ಪಕ್ಕದ ಸೀಟಿನ ಎದುರಿನ ಗಾಜು

ಸಂಜೆ ಮಳೆ ಹಿಡಿದರೆ ನಮ್ಮ ಹೊಲಿಗೆ ಅಂಗಡಿಯಲ್ಲಿ ಯಾರಿಗೂ ಬಸ್ಸಿನ ಚಿಂತೆಯಿಲ್ಲ. ಕತ್ತರಿಯತ್ತೆ ತಮ್ಮ ಹಳೆಯ ಕಾರಿನಲ್ಲಿ ಎಲ್ಲರನ್ನೂ ಮನೆ ಬಾಗಿಲಿಗೇ ಬಿಟ್ಟು ಬರುತ್ತಾರೆ, ಬೇಡವೆಂದರೂ ಬಿಡುವವರಲ್ಲ; ಕೊನೆಯ ಮನೆಯಲ್ಲಿ ಮಳೆ ನಿಲ್ಲುವವರೆಗೂ ಕುಳಿತೇ ವಾಪಸಾಗುತ್ತಾರೆ. ಮುಂದಿನ ಸೀಟು ಖಾಲಿಯಿದ್ದರೂ ನಮ್ಮನ್ನು ಹಿಂದೆಯೇ ಒತ್ತಿ ತುಂಬುವುದು ಮಾತ್ರ ಯಾಕೆಂದು ಗೊತ್ತಿರಲಿಲ್ಲ. ಬಟ್ಟೆ ಕತ್ತರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಚೌಕಾಸಿಯಲ್ಲಂತೂ ಇಲ್ಲವೇ ಇಲ್ಲ. ಆ ದಿನ ಕರೆಂಟು ಹೋಗಿ ಮೆಷಿನ್ನುಗಳು ನಿಂತವು. ನಾವು ಮೂವರು ಕತ್ತರಿಸುವ ಮೇಜಿನ ಸುತ್ತ ಕುಳಿತೆವು. ಮಳೆ ಸ್ವಲ್ಪ ತಗ್ಗಲಿ, ಹೊರಡೋಣ ಎಂದು ಅತ್ತೆ ಕನ್ನಡಕ ಒರೆಸಿಕೊಂಡು ಶುರು ಮಾಡಿದರು.

"ನಮ್ಮ ಹಾಗೇ ಬಟ್ಟೆ ಕತ್ತರಿಸೋ ಒಬ್ಬಳು ಹೆಂಗಸು ಅಂತ ಇಟ್ಕೊಳ್ಳಿ. ಗಂಡನಿಗೆ ಎರಡೂ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸ್ಕೊಂಡು ಬರಬೇಕು, ತಪ್ಪಿದ್ರೆ ಜೀವಕ್ಕೇ ಸಂಚಕಾರ. ಹೀಗಿರುವಾಗ ಮುಂದಿದ್ದ ಲಾರಿಯಿಂದ ಒಂದು ಕಲ್ಲು ಸಿಡಿದು, ಕಾರಿನ ಮುಂದಿನ ಗಾಜು ಈ ತುದಿಯಿಂದ ಆ ತುದಿಗೆ ಸೀಳಿಹೋಯ್ತು. ಆ ಕಾರು ತಯಾರಾಗೋದು ನಿಂತೇ ಎಷ್ಟೋ ವರ್ಷ ಆಗಿತ್ತು, ಹೊಸ ಗಾಜು ಎಲ್ಲಿಂದ ಬರಬೇಕು? ಮೆಕ್ಯಾನಿಕ್ಕು ಕೈಚೆಲ್ಲಿದ. ಇವಳು ಕೈಚೆಲ್ಲೋ ಪೈಕಿನಾ? ಕಾಲರಿಗೆ ಅಳತೆ ಪೇಪರ್ ಕತ್ತರಿಸೋ ಹಾಗೆ, ಒಡೆದ ಗಾಜಿನ ಮೇಲೆ ದಪ್ಪ ಪೇಪರ್ ಹರಡಿ, ಸುತ್ತ ಗೆರೆ ಎಳೆದು ಕತ್ತರಿಸಿ, ಸುರುಳಿ ಸುತ್ತಿ ಕಂಕುಳಲ್ಲಿಟ್ಕೊಂಡು ಗುಜರಿಯಿಂದ ಗುಜರಿಗೆ ಅಲೆದಳು. ಒಂದು ಕಡೆ ಮೇಲೆ ಕೂತ್ರೆ ಕೆಳಗೆ ಕೂರಲ್ಲ. ಇನ್ನೊಂದು ಕಡೆ ಆಕಾರ ಸರಿ, ಮೂಲೇಲಿ ಚಕ್ಕೆ ಎದ್ದಿದೆ…

"ಕೊನೆಗೆ ಊರಾಚೆ ಒಂದು ಗುಜರೀಲಿ ಸಿಕ್ತು. ಅದೇ ಮಾಡೆಲ್ಲು, ಪೇಪರ್ ಇಟ್ರೆ ಕೂದಲೆಳೆ ಆಚೀಚೆ ಇಲ್ಲ. ಕಾರಿಗೂ ಒಂದು ಗೀರಿಲ್ಲ. ಮತ್ಯಾಕಪ್ಪ ಇದು ಗುಜರಿಗೆ ಬಂತು ಅಂದ್ರೆ, ಓಡಿಸ್ತಿದ್ದೋನು ಮಳೇಲಿ ಮನೆಗೆ ಹೋಗ್ತಾ ಸ್ಟೀರಿಂಗ್ ಮೇಲೇ ಎದೆ ಹಿಡ್ಕೊಂಡು ಹೋಗ್ಬಿಟ್ಟ, ಮನೆಯವರು ಆ ಕಾರನ್ನ ಮತ್ತೆ ಮನೆಗೆ ಸೇರಿಸಲಿಲ್ಲ, ಅಂದ ಗುಜರಿಯವನು. ಅವನದೊಂದು ಪದ್ಧತಿ. ಗಾಜು ಮಾರೋ ಮುಂಚೆ ಉದ್ದಕ್ಕೂ ಹಾ ಹಾ ಅಂತ ಉಸಿರು ಬಿಡ್ತಾ ಹೋಗೋನು. ಮಂಜು ಕೂತ್ರೆ ಸಣ್ಣ ಬಿರುಕೂ ಎದ್ದು ಕಾಣುತ್ತೆ. ಹಾಗೇ ಉಸಿರು ಬಿಟ್ಟ. ಗಾಜೆಲ್ಲ ಮಂಜಾಯ್ತು… ಅಂಗೈಯಲ್ಲಿ ಒರೆಸಿದ ಹಾಗೆ ಒಂದು ಜಾಗ ಮಾತ್ರ ಆಗಲಿಲ್ಲ. ಇನ್ನೊಂದ್ಸಲ ಬಿಟ್ಟ. ಆ ಜಾಗ ಪಕ್ಕಕ್ಕೆ ಸರಿದಿತ್ತು. ಅವನ ಮುಖ ಬಿಳಿಚಿಕೊಳ್ತು. 'ಇದು ಬೇಡಮ್ಮ' ಅಂದ. ಇವಳು ಏನಂದಳು ಗೊತ್ತಾ? 'ಕಲೆ ಇದೆ ಅಂತ ನೀವೇ ಒಪ್ಕೊಂಡ್ರಲ್ಲ, ರೇಟು ಇಳಿಸಿ.'"

ನಾವು ನಕ್ಕೆವು. ಅತ್ತೆ ನಗಲಿಲ್ಲ.

"ರೇಟೂ ಇಳೀತು, ಗಾಜೂ ಕೂತ್ಕೊಳ್ತು. ಆಸ್ಪತ್ರೆ ದಿನ ಜಡಿಮಳೆ. ಗಂಡನ್ನ ಹಿಂದಿನ ಸೀಟಲ್ಲಿ ಮಲಗಿಸಿದ್ದಾಳೆ, ಮುಖ ಊದಿದೆ, ಉಸಿರಾಡೋಕೆ ಒದ್ದಾಡ್ತಿದ್ದಾರೆ. ರಸ್ತೆ ಎರಡಾಗೋ ಕಡೆ ಬಂದಳು ನೋಡಿ… ಗಾಜು ಒಳಗಿಂದ ಪೂರ್ತಿ ಮಂಜು ಮುಚ್ಚಿಬಿಡ್ತು. ಬಟ್ಟೇಲಿ ಒರೆಸ್ತಾಳೆ, ಮತ್ತೆ ಮುಚ್ಚುತ್ತೆ. ಪಕ್ಕದ ಸೀಟಿನ ಎದುರು ಮಾತ್ರ… ಸರಸರ ಅಂತ ಯಾರೋ ಅಂಗೈಯಲ್ಲಿ ಒರೆಸ್ತಾ ಇದ್ದಾರೆ. ಅಲ್ಲಿಂದ ಕಾಣೋದು ಆಸ್ಪತ್ರೆ ದಾರಿ ಅಲ್ಲ, ಇನ್ನೊಂದು. ಸ್ಟೀರಿಂಗ್ ಮೇಲೇ ಹೋದೋನು ಮನೆ ಮುಟ್ಟದೇ ಹೋದ ದಾರಿ. ಪಕ್ಕದಲ್ಲಿ ನೋಡಿದ್ರೆ ಯಾರೂ ಇಲ್ಲ. ಆದ್ರೆ ಸೀಟು, ಮೇಲೆ ಯಾರೋ ಕೂತ ಹಾಗೆ ಕುಸಿದಿದೆ.

"ಹೆದರಿಕೆ ಆಗಲಿಲ್ವಾ? ಆಯ್ತು. ಅಷ್ಟರಲ್ಲಿ ಗಂಡ ನರಳಿದ್ರು. ಇವಳಿಗೆ ಸಿಟ್ಟು ನೆತ್ತಿಗೇರ್ತು. 'ನೋಡಪ್ಪಾ, ನೀನು ಹೋಗಾಯ್ತು, ಇವರಿನ್ನೂ ಇದ್ದಾರೆ. ಮೊದಲು ಕಾರಲ್ಲಿರೋರನ್ನ ಬಿಟ್ಟು ಬರ್ತೀನಿ. ಮಳೆ ಬರ್ತಾ ಇರುವಾಗ, ಬಿಡೋಕೆ ಯಾರೂ ಇಲ್ಲದ ದಿನ ನಿನ್ನ ದಾರಿಗೇ ಬರ್ತೀನಿ. ಮಾತು ಕೊಟ್ಟಿದೀನಿ, ಒರೆಸು ಈ ಕಡೆ' ಅಂದಳು. ಆ ಕೈ ನಿಧಾನಕ್ಕೆ ಇವಳ ಎದುರಿಗೆ ಬಂದು ಒರೆಸ್ತು. ದಾರಿ ಕಾಣ್ತು. ಗಂಡ ಉಳ್ಕೊಂಡ್ರು. ಎಷ್ಟೋ ವರ್ಷ ಇದ್ದು, ಹೋದ ಬೇಸಿಗೇಲಿ ಹೋದ್ರು."

ಗುಂಡಿ ಹಚ್ಚುವ ಅಕ್ಕ ಮೆಲ್ಲಗೆ ಕೇಳಿದಳು, ಆ ಗಾಜು ಬದಲಾಯಿಸಬಹುದಿತ್ತಲ್ಲ ಎಂದು.

"ಅಳತೆಗೆ ಸರಿಯಾದ್ದು ಇನ್ನೊಂದು ಸಿಗಬೇಕಲ್ಲಮ್ಮ. ಸಿಕ್ಕಿದ್ರೂ ಅಷ್ಟೇ. ಅವಳು ಚೌಕಾಸಿ ಮಾಡ್ತಾಳೆ, ಕೊಟ್ಟ ಮಾತು ತಪ್ಪಲ್ಲ."

ಹೋದ ಬೇಸಿಗೆಯಲ್ಲಿ ತೀರಿಕೊಂಡದ್ದು ನಮ್ಮ ಮಾವ, ಈ ಅತ್ತೆಯ ಗಂಡ. ಅತ್ತೆ ಎದ್ದು, ಮೂಲೆಗೆ ಒರಗಿಸಿದ್ದ ದಪ್ಪ ಪೇಪರಿನ ಸುರುಳಿಯ ಪಕ್ಕದಿಂದ ಕಾರಿನ ಕೀಲಿ ತೆಗೆದುಕೊಂಡರು. ಮಳೆ ತಗ್ಗಿರಲಿಲ್ಲ. ಮೊದಲು ಯಾರ ಮನೆ, ಆಮೇಲೆ ಯಾರದು ಎಂದು ಲೆಕ್ಕ ಹಾಕಿ ನನ್ನ ಕಡೆ ತಿರುಗಿದರು.

"ಕೊನೇದು ನಿನ್ನ ಮನೆ. ಈ ಮಳೆ ಬೆಳಗಿನವರೆಗೂ ನಿಲ್ಲಲ್ಲ, ನೀನು ಅಲ್ಲಿ ಇಳೀಬೇಡ ಕಣೇ, ಇವತ್ತು ನಮ್ಮನೇಲೇ ಮಲಕ್ಕೋ. ಮಳೇಲಿ ಖಾಲಿ ಕಾರು ನಾನು ಓಡಿಸಲ್ಲ."

ಹೊರಗೆ ಕಾರಿನ ಗಾಜು ಪೂರ್ತಿ ಮಂಜಾಗಿತ್ತು, ಪಕ್ಕದ ಸೀಟಿನ ಎದುರು ಅಂಗೈಯಗಲ ಬಿಟ್ಟು. ಹೇಗೂ ಕೊನೆಯವರೆಗೂ ಅವರ ಜೊತೆಗಿರುವವಳು ನಾನೇ ಎಂದು ಮುಂದಿನ ಬಾಗಿಲಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು ಹಿಂದಕ್ಕೆ ಸರಿಸಿದರು.

"ಮೂರೂ ಜನ ಹಿಂದೇನೇ ಕೂತ್ಕೊಳ್ಳಿ. ಮುಂದೆ ಜಾಗ ಇಲ್ಲ."