ಎರಡನೆಯ ಓದು

ಅಧ್ಯಕ್ಷ ಸ್ಥಾನದಲ್ಲಿರುವ ಪ್ರಾಂಶುಪಾಲ ನಂದಕುಮಾರ್ ಅವರೇ, ಇಂದು ನಿವೃತ್ತರಾಗುತ್ತಿರುವ ವೇದಾ ಅವರೇ, ಹೋಳಿಗೆ ಊಟದ ನಂತರವೂ ಎಚ್ಚರವಾಗಿರುವ ಸಭಿಕರೇ,

ಯಲಹಂಕದ ಈ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ವೇದಾ ಅವರೂ ನಾನೂ ಮಾಡಿದ ಸಂಶೋಧನೆ ಒಂದೇ. ಆನ್‌ಲೈನ್ ತರಗತಿಗಳಲ್ಲಿ ಮಕ್ಕಳು ಬರೆದ ಸಂದೇಶಗಳನ್ನು ಓದುವುದು. ಪ್ರತಿಯೊಂದನ್ನೂ ‘ಕಲಿಕೆ’ ಅಥವಾ ‘ಅಪ್ರಸ್ತುತ’ ಎಂದು ಗುರುತಿಸುವುದು. ಇಬ್ಬರೂ ಬೇರೆಬೇರೆಯಾಗಿ ಓದಬೇಕು, ಮುಗಿಯುವ ತನಕ ಮಾತಾಡಬಾರದು. ಇಬ್ಬರ ಉತ್ತರ ಕೂಡಿಬಂದರೆ ಸಂಶೋಧನೆಯನ್ನು ನಂಬಬಹುದು.

ಒಂದೇ ಕೋಣೆ, ಬೆನ್ನಿಗೆ ಬೆನ್ನು. ಮುಖವಿಲ್ಲದ ಮಕ್ಕಳ ಮಾತುಗಳು ಪರದೆಯ ಮೇಲೆ ತೇಲಿ ಬರುತ್ತಿದ್ದವು, ಯಾರದೋ ನಿದ್ದೆಯೊಳಗಿಂದ ಬಂದ ಹಾಗೆ. ವಾಯುನೆಲೆಯ ವಿಮಾನ ಹಾದಾಗ ಕಿಟಕಿಯ ಗಾಜು ನಡುಗುತ್ತಿತ್ತು. ಇಬ್ಬರೂ ತಲೆ ಎತ್ತುತ್ತಿದ್ದೆವು. ಬೆನ್ನು ಹಾಕಿ ಕೂತವನಿಗೆ ಅದು ಹೇಗೆ ಗೊತ್ತು ಎನ್ನುತ್ತೀರಾ? ಅವರ ಕುರ್ಚಿ ಸಣ್ಣಗೆ ಕಿರುಗುಟ್ಟುತ್ತಿತ್ತು.

‘ಮಿಸ್, ಊಟ ಆಯ್ತಾ?’ ಎಂಬ ಸಂದೇಶ ಬಂದರೆ ನಾನು ಅಪ್ರಸ್ತುತ ಎನ್ನುತ್ತಿದ್ದೆ, ಅವರು ಕಲಿಕೆ ಎನ್ನುತ್ತಿದ್ದರು. ಟೀ ಹೊತ್ತಿಗೆ ಜಗಳ. “ಏನ್ ಸಾರ್, ಊಟ ಆಯ್ತಾ ಅಂತ ಕೇಳಿದ್ಮೇಲೆ ತಾನೆ ಆ ಮಗೂಗೆ ಲೆಕ್ಕ ಕೇಳೋ ಧೈರ್ಯ ಬರೋದು? ನೀವ್ ಯಾರನ್ನಾದ್ರೂ ಹಾಗೆ ಕೇಳಿದೀರಾ?”

ನಾನು ಟೀ ಕುಡಿದೆ.

ಬರಬರುತ್ತ ನಮ್ಮ ಉತ್ತರಗಳು ಕೂಡಿಬಂದವು. ಅಧ್ಯಕ್ಷರು ಈಗಷ್ಟೇ ಅದನ್ನು ಹೊಗಳಿದರು. ಆದರೆ ನಾವು ಓದುತ್ತಿದ್ದುದು ಮಕ್ಕಳನ್ನೋ, ಒಬ್ಬರನ್ನೊಬ್ಬರೋ?

ಹೋದ ವಾರ ಒಂದು ಸಂದೇಶ: ‘ಮಿಸ್, ನಾಳೆನೂ ಬರ್ತೀರಾ?’ ಅವರು ಹೀಗೆಯೇ ಬರೆಯುತ್ತಾರೆಂದು ಊಹಿಸಿ ನಾನು ‘ಕಲಿಕೆ’ ಎಂದು ಬರೆದೆ. ನಾನು ಹೀಗೆಯೇ ಬರೆಯುತ್ತೇನೆಂದು ಊಹಿಸಿ ಅವರು ‘ಅಪ್ರಸ್ತುತ’ ಎಂದು ಬರೆದಿದ್ದರು. ಹಾಳೆಗಳನ್ನು ಪಕ್ಕಪಕ್ಕ ಇಟ್ಟು ವೇದಾ ನಕ್ಕರು. “ನೀವ್ ನನ್ ಕಡೆ ಬಂದ್ರಿ, ನಾನ್ ನಿಮ್ ಕಡೆ ಹೋದೆ. ಸಾರ್, ಆ ಮಗು ಕಡೆ ಯಾರಿದ್ರು?”

ಆ ಪ್ರಶ್ನೆಗೆ ನಮ್ಮ ವಿಧಾನದಲ್ಲಿ ಜಾಗವಿಲ್ಲ.

ಇನ್ನು ಮುಂದೆ ವೇದಾ ಅವರ ಬದಲು ಎರಡನೆಯ ಓದನ್ನು ಸಾಫ್ಟ್‌ವೇರ್ ಮಾಡುತ್ತದೆ ಎಂದು ಅಧ್ಯಕ್ಷರು ತಿಳಿಸಿದ್ದಾರೆ. ಸಂತೋಷ. ಅದು ಜಗಳವಾಡುವುದಿಲ್ಲ, ಟೀ ಕೇಳುವುದಿಲ್ಲ. ಅದಕ್ಕೆ ಕುರ್ಚಿಯೂ ಬೇಡ.

ಓದಬೇಕಾದ ಸಂದೇಶಗಳು ಇನ್ನೂ ಉಳಿದಿವೆ. ಶಾಲು ಹೊದಿಸಿದ ಮೇಲೆ ಹೀಗೆ ಕೇಳುವ ಪದ್ಧತಿ ಇದೆಯೋ ಇಲ್ಲವೋ, ನನಗೆ ತಿಳಿಯದು. ವೇದಾ ಅವರೇ, ನಾಳೆನೂ ಬರ್ತೀರಾ?

ಈ ಸಲ ನನ್ನ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಬೇಡಿ. ನಿಮಗೆ ತೋಚಿದ್ದನ್ನೇ ಬರೆಯಿರಿ.

ತಾಳ್ಮೆಯಿಂದ ಕೇಳಿದ ತಮಗೆಲ್ಲ ನಾನು ಋಣಿ. ನಮಸ್ಕಾರ.