ಉದ್ದ ಹೆಸರಿನ ಬೆಳವ

...ಬೇಡ ಬೇಡ, ನೀನು ಬಾಯಿ ತೆಗೀಬೇಡ ಪಲುಪಿ. ಗಂಟಲು ಕಟ್ಟಿರೋವಾಗ ಮಾತಾಡಿದ್ರೆ ವಾರಗಟ್ಟಲೆ ವಾಸಿ ಆಗಲ್ಲ ಅಂತ ನಿನ್ನ ದೊಡ್ಡಮ್ಮ ಹೇಳಿದಾಳೆ. ಕಷಾಯ ಕುಡಿ, ತಲೆ ಅಲ್ಲಾಡಿಸು, ಸಾಕು. ಮಾತಿಗೆ ನಾನಿದೀನಲ್ಲ. ಈ ಮರ್ಸುದಿ ದೊಡ್ಡಪ್ಪ ಇರೋ ಮನೇಲಿ ಬೇರೆಯವರಿಗೆ ಮಾತಿನ ಸರದಿ ಯಾವತ್ತು ಬಂದಿತ್ತು ಹೇಳು... ಏನು, ನಗ್ತೀಯಾ? ನಗು ನಗು. ನಗೋದಕ್ಕೆ ಗಂಟಲು ಬೇಡ.

ಅಲ್ಲ ಕಣೇ, ಬಂದವಳೇ ಸಂಘದ ಕಂಪ್ಯೂಟರ್ ಮುಂದೆ ಕೂತುಬಿಟ್ಟೆ. ದೊಡ್ಡಮ್ಮ ಸೋಯಾ ಕಾಳಿನ ತೆಂಪೆ ಕರಿದಿದಾಳೆ, ತಿನ್ನು. ಈ ರಿಪೇರಿ ಎಲ್ಲ ಭಾನುವಾರದ ಬೆಳವ ಕೂಗಿಸೋ ಸ್ಪರ್ಧೆ ಮುಗಿದ ಮೇಲೆ ಇಟ್ಕೋಬಹುದಲ್ವಾ? ಓಡೋ ಗಾಡೀನ ಬಿಚ್ಚಬಾರದು ಅಂತಾರೆ. ಅಂಕದ ಲೆಕ್ಕ ಎಲ್ಲೋ ತಪ್ತಿದೆ ಅಂತ ಸಂಘದೋರು ಗೊಣಗಿದ್ರಂತೆ. ಗೊಣಗಲಿ. ಬೆಳವ ಸಾಕೋರಿಗೆ ಹಕ್ಕಿ ಕೂಗದಿದ್ದಾಗ ಗೊಣಗೋದೇ ಕೆಲಸ.

ನೀನು ಮಾಡಿದ್ದು ಚಿನ್ನದಂಥ ಕೆಲಸ. ಮುಂಚೆ ಪಂಜರಾನ ಕಂಬಕ್ಕೆ ಏರಿಸೋದು, ಹಕ್ಕಿ ಚೆನ್ನಾಗಿ ಕೂಗಿದ್ರೆ ತೀರ್ಪುಗಾರ ಬುಡದಲ್ಲಿ ಬಾವುಟ ಚುಚ್ಚೋದು. ಗಾಳಿ ಬಂದ್ರೆ ಬಾವುಟಾನೂ ಹೋಯ್ತು, ಅಂಕಾನೂ ಹೋಯ್ತು. ಈಗ ನೋಡು, ಪರದೆ ಮೇಲೆ ಹಕ್ಕಿಗೊಂದು ಗುಂಡಿ. ಅದೂ ಎಲ್ಲರ ಹತ್ರ ಇರೋ ಮಾಮೂಲಿ ಗುಂಡಿ ಅಲ್ಲ, ನೀನೇ ಕೈಯಾರೆ ಕಟ್ಟಿದ್ದು. ಹಕ್ಕಿ ಚಿತ್ರ, ಅದರ ಮೇಲೊಂದು ಹೆಸರಿನ ಪಟ್ಟಿ. ತೀರ್ಪುಗಾರ ಕೈಯೆತ್ತಿದ್ರೆ ಕ್ಷೌರದಂಗಡಿ ಗಿಮನ್ ಕ್ಲಿಕ್ ಮಾಡ್ತಾನೆ, ಹಕ್ಕಿಗೆ ಅಂಕ ಬೀಳುತ್ತೆ.

ಮೊದಮೊದಲು ಪಟ್ಟ ಪಾಡು ನೆನಪಿದೆಯಾ? ಹೆಸರಿನ ಮೇಲೆ ಒತ್ತಿದ್ರೆ ಏನೂ ಇಲ್ಲ! ಗಿಮನ್ ಒತ್ತೇ ಒತ್ತಿದ, ಬೈದೇ ಬೈದ. ಕ್ಲಿಕ್ಕನ್ನ ಆ ಪಟ್ಟಿ ನುಂಗಿ ಕೂತಿತ್ತು, ಕೆಳಗಿದ್ದ ಗುಂಡಿಗೆ ಸುದ್ದಿನೇ ಇಲ್ಲ. ಥೇಟ್ ನಿನ್ನ ದೊಡ್ಡಮ್ಮ. ನನ್ನ ಕೇಳ್ಕೊಂಡು ಬಂದೋರನ್ನ ಬಾಗಿಲಲ್ಲೇ ಮಾತಾಡಿಸಿ ಕಳಿಸ್ತಾಳೆ, ಒಳಗೆ ಕೂತ ನಂಗೆ ಯಾರು ಬಂದ್ರು ಅಂತಾನೇ ಗೊತ್ತಾಗಲ್ಲ. ಆಮೇಲೆ ನೀನು ಬಂದು ಪಟ್ಟಿಗೆ ಬುದ್ಧಿ ಕಲಿಸಿದೆ, ನಿನ್ನ ಮೇಲೆ ಬಿದ್ದದ್ದನ್ನ ಗುಂಡಿಗೂ ಮುಟ್ಟಿಸು ಅಂತ. ಆವತ್ತಿಂದ ಎಲ್ಲಿ ಒತ್ತಿದ್ರೂ ಅಂಕ. ಇನ್ನೇನು ಬೇಕು?

ಹಾಂ, ಅದು ನನ್ನ ಹಕ್ಕಿ ಹೆಸರೇ. ಕಿಯಾಯಿ ಜಗತ್ ಗುಮುಂತುರ್ ಸ್ವರ ಕೆಂಚನ ಪ್ರಬು ಬಯು. ಕಣ್ಣರಳಿಸ್ಬೇಡ, ಒಳ್ಳೆ ಬೆಳವಕ್ಕೆ ರಾಜಮನೆತನದ ಹೆಸರಿಡೋದು ನಮ್ಮಲ್ಲಿ ಮೊದಲಿಂದ ಇದ್ದದ್ದೇ. ಗುಂಡಿ ಪೂರ್ತಿ ಹೆಸರೇ ತುಂಬ್ಕೊಂಡಿದೆ, ಚಿತ್ರ ಕಾಣ್ತಿಲ್ಲ ಅಂತಾನಾ? ಕೊಕ್ಕಿನ ತುದಿ ಕಾಣುತ್ತಲ್ಲ. ಮರ್ಯಾದಸ್ಥರ ಹೆಸರು ಅಂದ್ರೆ ಹಾಗೇನೇ... ಬೇಡ, ಬೇಡ, ಸಣ್ಣ ಮಾಡ್ಬೇಡ! ಒಂದಕ್ಷರ ಮುಟ್ಬೇಡ!

...ಕೂಗಾಡಿಲ್ಲಪ್ಪ ನಾನು. ಹಾಗೇ ಹೇಳ್ದೆ.

ಹೌದು, ಮುಂಚೆ ಗೆಂಡುತ್ ಅಂತಿತ್ತು. ಡುಮ್ಮ. ನಿನ್ನ ದೊಡ್ಡಮ್ಮ ಇಟ್ಟಿದ್ದು. ಡುಮ್ಮ ಅಂದ್ರೆ ಯಾವ ಹಕ್ಕಿಗೆ ಹಾಡೋಕೆ ಮನಸ್ಸು ಬರುತ್ತೆ? ಹೋದ ಸ್ಪರ್ಧೆಗೆ ಮುಂಚೆ, ಧೂಳು ಒರೆಸೋಣ ಅಂತ ಈ ಕಂಪ್ಯೂಟರ್ ಮನೆಗೆ ತಂದಿದ್ದೆ. ಆವತ್ತೇ ಹೊಳೀತು ಈ ಹೆಸರು. ಹಿರಿಯರ ಪ್ರೇರಣೆ... ಯಾಕೆ ಕೆಮ್ತೀಯ? ಕಷಾಯ ಕುಡಿ, ಕಷಾಯ.

ಹಕ್ಕಿ ಕೂಗುತ್ತೆ ಕಣೇ. ಯಾಕೆ ಪಂಜರದೊಳಗೆ ಬಗ್ಗಿ ನೋಡ್ತೀಯ? ಮನೇಲಿ ಅಪರೂಪಕ್ಕೆ ಕೂಗುತ್ತೆ, ಅಷ್ಟೆ. ದೊಡ್ಡೋರು ಸುಮ್ಮಸುಮ್ಮನೆ ಬಾಯಿ ಬಿಡಲ್ಲ.

ಅದಾ? ಈಗ ಕೇಳಿಸ್ತಲ್ಲ, ಅದು ಬೇಲಿಯಾಚೆ ತುಕಿರಾನ್‌ದು. ಉಚಿಲ್ ಅಂತ. ಸೈಕಲ್ ಟ್ಯೂಬಿಗೆ ತೇಪೆ ಹಾಕೋನ ಹಕ್ಕಿಗೆ ಇನ್ನೆಂಥ ಹೆಸರಿರುತ್ತೆ, ಮೂರೇ ಅಕ್ಷರ, ಮುಗೀತು. ಹೂಂ, ಚೆನ್ನಾಗೇ ಕೂಗುತ್ತೆ. ಚೆನ್ನಾಗಿಲ್ಲ ಅಂತ ನಾನೆಲ್ಲಿ ಹೇಳ್ದೆ? ಹೋದ ಸ್ಪರ್ಧೆ ದಿನಾನೂ ಬೆಳಗ್ಗೆಯಿಂದ ಒಂದೇ ಸಮ ಕೂಗ್ತಿತ್ತು, ನಮ್ಮದು ಅದರ ಅರ್ಧಕ್ಕಿಂತ ಒಂಚೂರು ಜಾಸ್ತಿ. ಆದ್ರೆ ಗೆದ್ದ ಕಪ್ ಯಾರ ಮನೇಲಿದೆ ನೋಡು, ಫ್ರಿಜ್ ಮೇಲೆ. ಇಷ್ಟು ವರ್ಷ ನಮ್ಮೂರಲ್ಲಿ ನಾನು ಬರೀ ಮರ್ಸುದಿ. ಈಗ ಎದುರು ಸಿಕ್ಕೋರೆಲ್ಲ ನಿಂತು ಕೈ ಮುಗೀತಾರೆ. ದೊಡ್ಡಮ್ಮ ಕೂಡ ಬಂದೋರನ್ನ ಒಳಗೆ ಕಳಿಸ್ತಾಳೆ, ಗೊತ್ತಾ?

ಅವನು ಮಾತ್ರ ಬರಲ್ಲ. ತುಕಿರಾನ್. ದಿನಾ ಸಂಜೆ ಬಂದು ಈ ಮೆಟ್ಟಿಲ ಮೇಲೆ ಕೂತು ಕಾಫಿ ಕುಡೀತಿದ್ದ. ಜಗಳ ಆಡಿದ್ರೆ ಆಡ್ಲಿ ಬಿಡು ಅಂತಿದ್ದೆ, ಜಗಳಾನೂ ಇಲ್ಲ. ಮೊನ್ನೆ ಬೇಲಿ ಹತ್ರ ಸಿಕ್ಕು ಏನಂದ ಗೊತ್ತಾ? ನನ್ನ ಕಿವಿನೇ ಕೆಟ್ಟಿದೆ ಮರ್ಸುದಿ, ಇಷ್ಟು ವರ್ಷ ಹಕ್ಕಿ ಸಾಕಿ ಸ್ವರ ಯಾವುದು ಸದ್ದು ಯಾವುದು ತಿಳೀಲಿಲ್ಲ, ಭಾನುವಾರ ಕಳೀಲಿ, ಪಂಜರದ ಬಾಗಿಲು ತೆಗೆದುಬಿಡ್ತೀನಿ ಅಂದ. ಸೋತದ್ದಕ್ಕೆ ಕಿವಿ ಮೇಲೆ ಅನುಮಾನ ಪಡೋ ಮನುಷ್ಯನ್ನ ಎಲ್ಲಾದ್ರೂ ನೋಡಿದೀಯಾ? ಆವತ್ತಿಂದ ನಾನು ಬೇಲಿ ಕಡೆ ಹೋಗಿಲ್ಲ. ಅಲ್ಲಿ ಮುಳ್ಳು ಜಾಸ್ತಿ, ಅದಕ್ಕೇ.

ನೀನು ಯಾಕೆ ಮುಖ ಸಪ್ಪಗೆ ಮಾಡ್ಕೊಂಡೆ? ಅವನು ಸೋತಿದ್ದು ನಿನ್ನ ತಪ್ಪಲ್ಲ ಪುಟ್ಟಿ. ಆ ಹೆಸರಿನ ಪಟ್ಟಿ ತಾನೂ ಒಂದು ಎಣಿಸುತ್ತೆ, ಗುಂಡಿಗೂ ಹೇಳಿ ಇನ್ನೊಂದು ಎಣಿಸುತ್ತೆ, ಹೆಸರಿನ ಮೇಲೆ ಒತ್ತಿದ್ರೆ ಎರಡು, ಚಿತ್ರದ ಮೇಲೆ ಒತ್ತಿದ್ರೆ ಒಂದು ಅಂತ ಯಾರಿಗೆ ಗೊತ್ತಿತ್ತು? ಈಗ ನೀನು ಹೇಳಿದ ಮೇಲೆ ತಾನೆ ನಂಗೂ...

ಯಾಕೆ ಹಾಗೆ ನೋಡ್ತೀಯ?

ನೀನೇ ಹೇಳಿದ್ದಲ್ವಾ? ಸ್ವಲ್ಪ ಹೊತ್ತಿನ ಮುಂಚೆ... ತೆಂಪೆ ತಿನ್ನೋವಾಗ...

...ಹೌದು. ಗಂಟಲು ಕಟ್ಟಿದೆ. ಬಂದಾಗಿಂದ ನೀನು ಒಂದು ಮಾತೂ ಆಡಿಲ್ಲ.

ಮತ್ತೆ, ಪರದೇಲಿ... ಅಲ್ಲೂ ಕಂಡಿರ್ಲಿಲ್ವಾ? ಇನ್ನೂ ಹುಡುಕ್ತಾನೇ ಇದ್ಯಾ? ಅಯ್ಯೋ ನನ್ನ ಬಾಯೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ ಒಬ್ಬ. ನೀನು ಕುಂಬಳಕಾಯಿ ಅಂತಾನೂ ಅನ್ಲಿಲ್ಲ, ನಾನೇ ಎರಡೂ ಹೆಗಲು ಒರೆಸ್ಕೊಂಡೆ.

ಏನಾದ್ರೂ ಅನ್ನೇ. ಬೈಯೋದಾದ್ರೂ ಬೈ. 

...ಸರಿ. ಸರಿ ಮಾರಾಯ್ತಿ. ಸರಿಮಾಡು ಅದನ್ನ, ಆ ಉದ್ದ ಹೆಸರೂ ತೆಗಿ. ಒಂದು ಒತ್ತಿಗೆ ಒಂದೇ. ನಾನು ಬೇಲಿ ಹತ್ರ ಹೋಗಿ ಅವನನ್ನ ಕೂಗ್ತೀನಿ. ಆ ಕಪ್ ಇಳಿಸಿ ಕೊಡು ಇಲ್ಲಿ, ಬರೀ ಕೈಯಲ್ಲಿ ಹೋದ್ರೆ ಮಾತು ಬರಲ್ಲ ನಂಗೆ. ದೊಡ್ಡಮ್ಮಂಗೆ ಹೇಳು, ತುಕಿರಾನ್‌ಗೂ ಕಾಫಿ ಇಡು ಅಂತ.

...ಶ್. ಕೇಳಿಸ್ತಾ? ಪಂಜರದಿಂದ... ನಮ್ಮ ಗೆಂಡುತ್! ಕೂಗಿದ ಕಣೇ, ನಮ್ಮ ಡುಮ್ಮ ಕೂಗಿದ!

ಯಾಕೆ ಒಂದು ಬೆರಳೆತ್ತಿ ತೋರಿಸ್ತೀಯ?

ಹೂಂ ಕಣಮ್ಮ. ಒಂದೇ ಸಲ. ಒಂದೇ ಅಂತ ಬರ್ಕೋ.