ಪಟಕ್ಕೆ ನಗು ಸಲ್ಲ

ಇದಾ? ಇದನ್ನಾ ನಿಮ್ಮಮ್ಮನ ಶವಪೆಟ್ಟಿಗೆ ಮುಂದೆ ಇಡು ಅಂತೀಯ? ಥೂ! ಹಿಂದಕ್ಕೆ ಹಿಡಿ ಆ ಫೋನು. ಕಣ್ಣು ನೋಯ್ತದೆ.

ಅಳಬೇಡ. ಅತ್ತರೆ ಫೋಟೊ ಸರಿಹೋಗಲ್ಲ. ಕೂತ್ಕೊ. ಭಿಕ್ಷುಗಳು ಬರೋದು ನಾಲ್ಕಕ್ಕೆ, ಅಷ್ಟರೊಳಗೆ ಪಟ ಬೇಕು, ಗೊತ್ತು. ನಲವತ್ತು ವರ್ಷದಿಂದ ಈ ಸಾದೆಕ್ ಊರಲ್ಲಿ ಸತ್ತವರಿಗೆಲ್ಲ ಪಟ ಮಾಡಿಕೊಟ್ಟವನು ನಾನು. ನನಗೆ ಹೇಳಿಕೊಡೋಕೆ ಬಂದಳು ನನ್ನ ಮಗಳು, ಈ ಬಿಕ್!

ಎಲ್ಲಿ ತೆಗೆದೆ ಇದನ್ನ? ಹಿತ್ತಿಲಲ್ಲಿ, ಕಾಲುವೆ ಮೆಟ್ಟಿಲ ಮೇಲೆ. ನಡುಮಧ್ಯಾಹ್ನ. ಬಿಸಿಲು ನೆತ್ತಿ ಮೇಲೆ. ಕಣ್ಣೆಲ್ಲಿವೆ, ತೋರಿಸು? ಎರಡು ಗುಳಿ ಇವೆ. ಎರಡು ಹೆಜ್ಜೆ ಮಾಡಿನ ನೆರಳಿಗೆ ಕರೆದಿದ್ರೆ ಸಾಕಿತ್ತು. ಕರೆಯೋಕೆ ಬಾಯಿ ಇರಲಿಲ್ವಾ?

ಇದೇನು ತಲೆ ಮೇಲೆ? ಬಾಳೆಗಿಡ. ನಿಮ್ಮಮ್ಮನ ನೆತ್ತಿಯಲ್ಲಿ ಬಾಳೆಗಿಡ ಹುಟ್ಟಿದೆ! ಒತ್ತೋಕೆ ಮುಂಚೆ ಹಿಂದೆ ಏನಿದೆ ನೋಡು ಅಂತ ನಿಂಗೆ ಎಷ್ಟು ಸಲ ಹೇಳಿದ್ದೀನಿ? ಒಂದು ಹೆಜ್ಜೆ ಎಡಕ್ಕೆ. ಒಂದೇ ಹೆಜ್ಜೆ. ಫೋನು ಓರೆ ಹಿಡಿದಿದ್ದೀಯ, ಕಾಲುವೆ ನೀರು ನೋಡು, ಬಲಗಡೆಗೆ ಚೆಲ್ಲಿ ಹೋಗ್ತಿದೆ. ಮೇಲಿಂದ ಮಂಜು ಬೇರೆ. ಮಂಜಲ್ಲ ಅದು, ಲೆನ್ಸ್ ಮೇಲೆ ಮೀನಿನ ಜಿಡ್ಡು. ಅಂಗಿ ಚುಂಗಲ್ಲಿ ಒರೆಸಿದ್ರೆ ಅಂಗಿ ಸವೀತಿತ್ತಾ?

ಅವಳು ಕುಕ್ಕರಗಾಲಲ್ಲಿ ಕೂತಿದ್ದಾಳೆ. ನೀನು ನಿಂತ್ಕೊಂಡು ತೆಗೆದಿದ್ದೀಯ. ಕೂತವರನ್ನ ಕೂತೇ ತೆಗೀಬೇಕು ಕಣೆ. ಮೇಲಿಂದ ತೆಗೆದ್ರೆ ಹಿರಿಯರು ಬುಟ್ಟಿಯೊಳಗಿನ ಕೋಳಿಮರಿ ಥರ ಕಾಣ್ತಾರೆ. ಅದೂ ದೂರದಿಂದ, ಬೆರಳಲ್ಲಿ ಹಿಗ್ಗಿಸಿ! ಕಾಲು ಕೊಟ್ಟಿಲ್ವಾ ನಿಂಗೆ? ಹತ್ತಿರ ಹೋಗಬೇಕು. ಮೊಣಕೈ ಪಕ್ಕೆಗೆ ಒತ್ತಬೇಕು. ಉಸಿರು ಹಿಡಿದು ಒತ್ತಬೇಕು. ಕೈ ಕುಣಿಸ್ಕೊಂಡು ತೆಗೆದಿದ್ದೀಯ... ಏನು? ಆಗ ನೀನೂ ನಗ್ತಿದ್ಯಾ? ಭೇಷ್. ಫೋಟೊ ತೆಗೆಯೋವಾಗ ನಗು!

ಅವಳದ್ದೋ, ಇನ್ನೂ ಚೆಂದ. ಬಾಯಿ ತುಂಬ ನಗು. ಬಿದ್ದುಹೋದ ಹಲ್ಲು ಯಾವುದು ಅಂತ ಎಣಿಸಬಹುದು. ಪಟಕ್ಕೆ ನಗು ಸಲ್ಲ. ಬಾಯಿ ಮುಚ್ಚಿರಬೇಕು, ಕಣ್ಣು ನೇರ ಇರಬೇಕು. ಮೂರು ತಲೆಮಾರು ಕೈ ಮುಗೀಬೇಕು ಅದಕ್ಕೆ. ಮೀನು ಹೆಚ್ಚುತ್ತಾ ಹಲ್ಲು ಕಿರಿಯೋ ಹೆಂಗಸಿಗೆ ಯಾರು ಊದುಬತ್ತಿ ಹಚ್ತಾರೆ?

ಈಗ ಇದು ನೋಡು. ನಾನು ತೆಗೆದದ್ದು. ಈಗ ತಾನೇ ಅಂಗಡಿ ಗಾಜಿನಿಂದ ಇಳಿಸಿ ಧೂಳು ಒರೆಸಿದೆ. ...ಯಾಕೆ ಮುಖ ತಿರುಗಿಸ್ತೀಯ? ನೋಡು ಅಂದೆ!

ಎಡದಿಂದ ಕಿಟಕಿ ಬೆಳಕು. ಬಲಗೆನ್ನೆ ಕಪ್ಪಾಗದ ಹಾಗೆ ಬಿಳಿ ರಟ್ಟು ಹಿಡಿಸಿದ್ದೆ. ಎರಡೂ ಕಣ್ಣಲ್ಲಿ ಒಂದೊಂದು ಚುಕ್ಕಿ ಬೆಳಕು ಇದೆ, ಕಾಣ್ತಾ? ಅದಿಲ್ಲದಿದ್ರೆ ಸತ್ತ ಮೀನಿನ ಕಣ್ಣು. ನೀಲಿ ಮಖಮಲ್ಲು, ಹಸಿರು ಕಲ್ಲಿನ ಸರ. ಗೋಡೆ ಖಾಲಿ. ಇದು ಪಟ. ಇದಕ್ಕೆ ಪಟ ಅಂತಾರೆ.

ತಾನೇ ಕೇಳಿ ಕೂತಳು. ಎಲ್ಲರೂ ಬದುಕಿದ್ದಾಗಲೇ ಪೂಜೆ ಪಟ ತೆಗೆಸಿಟ್ಕೋತಾರೆ, ನನಗೂ ಒಂದು ಇರಲಿ ಅಂದಳು. ಐವತ್ತೆರಡೇನು ಸಣ್ಣ ವಯಸ್ಸಾ? ...ಹಾಗೇನು ನೋಡ್ತೀಯ? ಕೇಳಿದಳು.

ಎಷ್ಟು ಚೆನ್ನಾಗಿ ಬಂತು ಅಂದ್ರೆ, ಅಂಗಡಿ ಗಾಜಿನಲ್ಲೇ ಇಟ್ಟೆ. ಕಪ್ಪು ಚೌಕಟ್ಟು, ಮುಂದೆ ಊದುಬತ್ತಿ ಬಟ್ಟಲು. ಜನಕ್ಕೆ ಮಾದರಿ ಬೇಡ್ವಾ? ಪೂಜೆಗಿಟ್ಟರೆ ಹೇಗೆ ಕಾಣುತ್ತೆ ಅಂತ ಗೊತ್ತಾಗಬೇಡ್ವಾ? ಬಂದರು ನೋಡು ಜನ! ಮುದುಕರು ಸಾಲು ನಿಂತರು, ನಮಗೂ ಇಂಥದ್ದೇ ಬೇಕು ಅಂತ.

ಎದುರಿನ ಶಾವಿಗೆ ಅಂಗಡಿಯ ಬೇ ಅನ್ನೋ ಮುದುಕಿ ಮಾತ್ರ, ಹ್ಹ... ಇದು ನಿಜವಾಗಲೂ ಸತ್ತವರ ಪಟ ಅನ್ಕೊಂಡಳು! ಊದುಬತ್ತಿ ಕಟ್ಟು, ಬಾಳೆಹಣ್ಣಿನ ಚಿಪ್ಪು ಹಿಡ್ಕೊಂಡು ಗೊಳೋ ಅಂತ ಬಂದಳು. ಬಾಗಿಲು ತೆಗೆದದ್ದು ಯಾರು? ನಿಮ್ಮಮ್ಮನೇ! ಕೈಯಲ್ಲಿ ಚಾಕು! ಮುದುಕಿ ಅಲ್ಲೇ ಕುಸಿದಳು, ಬಾಳೆಹಣ್ಣು ಚರಂಡಿಗೆ... ನಗು ಬರಲ್ವಾ ನಿಂಗೆ? ಊರೆಲ್ಲ ನಕ್ಕಿತ್ತು.

ಓ. ನೀನಾಗ ಮನೇಲೇ ಇದ್ದೆ ಅಲ್ವಾ. ಹದಿನೇಳು ಆಗಿತ್ತು ನಿಂಗೆ. ಎಲ್ಲ ನೋಡಿದೀಯ.

ನಿಮ್ಮಮ್ಮ, ಬಿಕ್... ಹೊರಗೆ ಹೋಗಿ ಗಾಜಿನ ಮುಂದೆ ನಿಂತಳು. ಸ್ವಲ್ಪ ಹೊತ್ತು. ಆಮೇಲೆ ಒಳಗೆ ಬಂದು ಅಡುಗೆ ಮಾಡಿದಳು. ಒಂದು ಮಾತು ಬೈಯಲಿಲ್ಲ. ಅಂಗಡಿ ಕಡೆ ಬಾಗಿಲಿಂದ ಓಡಾಡೋದು ಬಿಟ್ಟಳು, ಅಷ್ಟೆ. ಹಿತ್ತಿಲ ದಾರಿ ಹಿಡಿದಳು. ಸಂತೆಗೆ ಅದು ಹತ್ತಿರ.

...ಹತ್ತಿರ ಅಲ್ವಾ?

ಸರಿ, ಸುತ್ತು! ಸುತ್ತು ದಾರಿನೇ. ಮಳೆ ಬಂದ್ರೆ ಮೊಣಕಾಲು ಕೆಸರು. ಹಾಗಾದ್ರೆ ಇಳಿಸು ಅಂತ ಒಂದು ಸಲ ಹೇಳಬಹುದಿತ್ತಲ್ಲ? ಬಾಯಿ ಬಿಟ್ಟು ಹೇಳದಿದ್ರೆ ನನಗೇನು ಕನಸು ಬೀಳುತ್ತಾ? ನಿನಗೇನಾದ್ರೂ ಹೇಳಿದಳಾ?

ಡೋಲಿನವರು ಬಂದರು, ಕೇಳಿಸ್ತಾ? ನಾನು ಇದನ್ನೇ ತಗೊಂಡು ಹೋಗಿ ಇಡ್ತೀನಿ. ...ಕೈ ಯಾಕೆ ಅಡ್ಡ ಹಿಡಿದೆ? ಬಿಡು. ಬಿಡೆ! ನಾನು ಅವಳ ಗಂಡ. ನಲವತ್ತು ವರ್ಷದ ಕೆಲಸಗಾರ. ನಾನು...

ಅವಳೇ ಹೇಳಿದಳಾ?

ಆಸ್ಪತ್ರೆಯಲ್ಲಿ? ...ಇದೊಂದು ಇಡಬೇಡ ಅಂತ?

ಮತ್ತೇನಂದಳು? ...ಬೇಡ. ಹೇಳಬೇಡ.

ಫೋನು ಕೊಡು. ಕೊಡು, ಕಿತ್ಕೊಳ್ಳಲ್ಲ. ದೊಡ್ಡದು ಮಾಡಿಕೊಡ್ತೀನಿ. ಬಾಳೆಗಿಡ ಅಳಿಸಲ್ಲ. ನೀರೂ ಹಾಗೇ ಇರಲಿ. ಏನೂ ಮುಟ್ಟಲ್ಲ ಅಂದೆನಲ್ಲ!

ಮತ್ತೆ ಯಾಕೆ ಇನ್ನೂ ಹಾಗೇ ನೋಡ್ತಿದ್ದೀಯ?

...ಹೌದು. ಪಟ ಬೇಕು ಅಂತ ಅವಳು ಕೇಳಲಿಲ್ಲ. ಪೂಜೆ ಪಟ ಅಂತ ನಾನು ಹೇಳಲೂ ಇಲ್ಲ. ಕಾನ್‌ತೊ ಊರಲ್ಲಿರೋ ನಿನ್ನ ಚಿಕ್ಕಮ್ಮನಿಗೆ ಕಳಿಸೋಕೆ ಒಂದು ಫೋಟೊ, ಬಾ ಅಂದೆ. ತಂಗಿ ನೋಡ್ತಾಳೆ ಅಂತ ಮಖಮಲ್ಲು ಹಾಕ್ಕೊಂಡಳು. ಸರ ಅವಳದ್ದಲ್ಲ, ಬೇ ಮುದುಕಿ ಹತ್ರ ಕೇಳಿ ತಂದಳು. ಮುದುಕಿಗೂ ಅದೇ ಹೇಳಿದಳಂತೆ, ತಂಗಿಗೆ ಕಳಿಸ್ತಾರೆ ನಮ್ಮನೆಯವರು ಅಂತ.

ಕಳಿಸಲಿಲ್ಲ. ಒಂದು ಪ್ರತಿ ತೆಗೆದು ಲಕೋಟೆಗೆ ಹಾಕೋಕೆ ಎಷ್ಟು ಹೊತ್ತು ಬೇಕು? ಹಾಕಲಿಲ್ಲ.

ಚಿಕ್ಕಮ್ಮ ಬಸ್ಸು ಹತ್ತಿದಳಾ? ಹೊಳೆ ದಾಟಿರಬೇಕು ಈಗ. ಬಿಕ್... ಅವಳಿಗೆ ಪಟ ಗಾಜಿನಲ್ಲಿಟ್ಟ ವಿಷಯ ಗೊತ್ತಿಲ್ಲ. ಇವತ್ತೊಂದು ದಿನ ಸುಮ್ಮನಿರು. ಆಯ್ತಾ?

...ಏನು ತಲೆ ಅಲ್ಲಾಡಿಸ್ತೀಯ? ಗೊತ್ತಾ ಅವಳಿಗೆ?

ಯಾವಾಗಿಂದ?

...ಆವಾಗಿಂದಲೇ?

ಪ್ರತಿ ಹೊಸವರ್ಷ, ತೆತ್ ಹಬ್ಬಕ್ಕೆ ಫೋನು ಮಾಡ್ತಿದ್ದಳಲ್ಲೇ! ಹನ್ನೊಂದು ಹಬ್ಬ. ಭಾವ, ಆರೋಗ್ಯನಾ, ಊಟ ಆಯ್ತಾ... ಕೊನೆಗೆ, ಅಕ್ಕನ ಫೋಟೊ ಇನ್ನೂ ಬಂದಿಲ್ಲ ಭಾವ, ಅಂತ. ಎಷ್ಟು ಮೆತ್ತಗೆ ಕೇಳೋಳು. ಗೊತ್ತಿದ್ದೇ ಕೇಳ್ತಿದ್ದಳಾ? ನಿಮ್ಮಮ್ಮನೂ ಪಕ್ಕದಲ್ಲೇ ಕೂತು ಕೇಳಿಸ್ಕೊತಿದ್ದಳಲ್ಲ...

ಪ್ರತಿ ಸಲ ನಾನು, ಅಂಚೆಯವರನ್ನ ಬೈದೆ.